ಮಾಸ್ತರು ಟೈಪು ಮಾಡಿಕೊಟ್ಟ ಸಾಲು

ಹೇಳುವವನ ಮಾತಿನಲ್ಲಿ ಸುಳ್ಳಿದೆ ಎಂದು ಅನ್ನಿಸಿದ ಕೂಡಲೇ ಮಾಸ್ತರು ಕೀಬೋರ್ಡಿನಿಂದ ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬೈಯುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ. ತೆರೆಯ ಮೇಲೆ ಕರ್ಸರು ಮಿನುಗುತ್ತಿರುತ್ತಿತ್ತು, ಅವರು ಅದನ್ನು ನೋಡುತ್ತ ಕೂತಿರುತ್ತಿದ್ದರು. ಬಯೋಡಾಟಾ ಮಾಡಿಸಲು ಬಂದು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ವಿದ್ಯಾರ್ಥಿ ತಾನು ಹೇಳಿದ್ದನ್ನು ತಾನೇ ತಿದ್ದಿಕೊಳ್ಳುವ ತನಕ ಕೈ ಮೇಲೇಳುತ್ತಿರಲಿಲ್ಲ.

ಅವರು ತೀರಿಕೊಂಡ ಎರಡು ತಿಂಗಳ ಮೇಲೆ ನನಗೆ ಸುದ್ದಿ ಗೊತ್ತಾಯಿತು. ಹಳೆಯ ಸಹಪಾಠಿಯೊಬ್ಬ ಬೇರೇನೋ ಕೆಲಸಕ್ಕೆ ಫೋನು ಮಾಡಿದವನು ನಡುವೆ ಹೇಳಿದ. ಅಂದಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗಲೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತೇನೆ. ನನ್ನ ಮೊದಲ ಬಯೋಡಾಟಾದಲ್ಲಿ ಅವರು ಟೈಪು ಮಾಡಿಕೊಟ್ಟ ಒಂದು ಸಾಲಿದೆ. ನನಗೆ ಕೆಲಸ ಕೊಡಿಸಿದ್ದು ಆ ಸಾಲು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಖಚಿತವಿಲ್ಲ. ಅದನ್ನು ಟೈಪು ಮಾಡುವಾಗ ಅವರು ಕೈ ಎತ್ತಿದ್ದರೇ ಎಂಬುದೂ ನೆನಪಿಲ್ಲ.

ಅವರ ಅಂಗಡಿ ಇದ್ದದ್ದು ಹುಬ್ಬಳ್ಳಿಯ ವಿದ್ಯಾನಗರದ ಕಡೆ, ಝೆರಾಕ್ಸ್ ಅಂಗಡಿಗಳ ಸಾಲಿನಲ್ಲಿ ಕೊನೆಯದು. ಮೊದಲು ಅದೇ ಜಾಗದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರಂತೆ. ಹೀಗಾಗಿ ಕಂಪ್ಯೂಟರು ಬಂದ ಮೇಲೂ ಮಾಸ್ತರೇ ಆಗಿ ಉಳಿದರು. ಟೈಪ್‌ರೈಟರಿನ ಅಭ್ಯಾಸ ಬೆರಳಿಗೆ ಅಂಟಿಕೊಂಡಿತ್ತು, ಕೀಲಿಗಳನ್ನು ಗುದ್ದುತ್ತಿದ್ದರು. ಅಕ್ಷರಗಳೆಲ್ಲ ಅಳಿಸಿಹೋದ ಆ ಕೀಬೋರ್ಡನ್ನು ಅವರಲ್ಲದೆ ಬೇರೆ ಯಾರಿಗೂ ಬಳಸಲು ಆಗುತ್ತಿರಲಿಲ್ಲ. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವರು. ಪ್ರೋಗ್ರಾಮು ಬರೆಯುವುದನ್ನು ಹಳೇ ಪುಸ್ತಕ ತಂದು, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ತಾವೇ ಕಲಿತಿದ್ದರು. ನಾನು ಧಾರವಾಡದಲ್ಲಿ ಎಂ.ಸಿ.ಎ. ಓದುತ್ತಿದ್ದವನು, ಪ್ರೋಗ್ರಾಮು ಟೈಪು ಮಾಡಿಸಲು ಅವರ ಅಂಗಡಿಗೆ ಹೋಗುತ್ತಿದ್ದೆ. ನನಗೆ ಗೊತ್ತಿದ್ದ ಸಿದ್ಧಾಂತ ಅವರಿಗೆ ಗೊತ್ತಿರಲಿಲ್ಲ. ಆದರೆ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂಬುದು ಅವರಿಗೆ ನನಗಿಂತ ಬೇಗ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಯಾರನ್ನು ಕೇಳಿದರೂ ಕಂಪ್ಯೂಟರ್ ಕಲಿಯುತ್ತಿದ್ದರು, ಎಲ್ಲರ ಬಯೋಡಾಟಾ ಒಂದೇ ತರಹ ಇರುತ್ತಿತ್ತು. ಹೆಸರು, ಊರು, ಅಂಕ, ಬಲ್ಲ ಕಂಪ್ಯೂಟರ್ ಭಾಷೆಗಳ ಉದ್ದನೆಯ ಪಟ್ಟಿ, ಆಮೇಲೆ ‘ಪ್ರಾಜೆಕ್ಟ್’ ಎಂದು ದಪ್ಪಕ್ಷರದಲ್ಲಿ ಬರೆದು ಅದರ ಕೆಳಗೆ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಬೇರೆ ಅಂಗಡಿಯವರು ಕೊಟ್ಟದ್ದನ್ನು ಕೊಟ್ಟಹಾಗೆ ಟೈಪು ಮಾಡಿ ಕಳಿಸುತ್ತಿದ್ದರು. ಮಾಸ್ತರು ಪ್ರಾಜೆಕ್ಟಿನ ಜಾಗಕ್ಕೆ ಬಂದ ಕೂಡಲೇ ನಿಲ್ಲುತ್ತಿದ್ದರು.

“ಯಾವ ಲೈಬ್ರರಿ ಇದು?” ಎಂದು ಒಬ್ಬನನ್ನು ಕೇಳಿದ್ದು ನೆನಪಿದೆ.

“ಯಾವ್ದೂ ಇಲ್ಲರಿ ಸರ್. ಪ್ರಾಜೆಕ್ಟ್ ಅದು.”

“ಹಂಗಾದ್ರ ಪುಸ್ತಕ ಯಾರ ಒಯ್ದ್ರು?”

ಹುಡುಗ ನಕ್ಕ. ಮಾಸ್ತರು ನಗಲಿಲ್ಲ, ಕೈ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಬಾಯಿಬಿಟ್ಟ. ಸೀನಿಯರ್ ಕೊಟ್ಟ ಫ್ಲಾಪಿಯಿಂದ ಇಳಿಸಿಕೊಂಡದ್ದು, ತಾನು ಬದಲಿಸಿದ್ದು ಮೊದಲ ತೆರೆಯ ಬಣ್ಣ ಒಂದೇ. “ಬಣ್ಣ ಬದಲ ಮಾಡೀನಂತ ಬರಿಯೂಣೇನು?” ಎಂದು ಮಾಸ್ತರು ಗಂಭೀರವಾಗಿಯೇ ಕೇಳಿದರು. ಅವನು ಸಿಟ್ಟಾಗಿ ಎದ್ದುಹೋಗಿ ಪಕ್ಕದ ಅಂಗಡಿಯಲ್ಲಿ ಟೈಪು ಮಾಡಿಸಿಕೊಂಡ. ಹಾಗೆ ಎದ್ದುಹೋದವರು ಬಹಳ ಜನ.

ಭಾಷೆಗಳ ಪಟ್ಟಿಯ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಬಡಿಗನ ಹತ್ತಿರ ಹೋದರೆ ಅವನು ಉಳಿಯ ಹೆಸರು ಹೇಳುತ್ತ ಕೂಡುತ್ತಾನೇನು, ಮಾಡಿದ ಬಾಗಿಲು ತೋರಿಸುತ್ತಾನೆ ಎನ್ನುತ್ತಿದ್ದರು. ಮಾಡಿದ್ದು ಹತ್ತಿದ್ದರೆ ಎರಡು ಬರೆಯಬೇಕು, ಅವು ಯಾರಿಗಾದರೂ ಉಪಯೋಗಕ್ಕೆ ಬಂದವಾಗಿರಬೇಕು, ಅದರಲ್ಲಿ ನಿನ್ನ ಕೈಯ ಕೆಲಸ ಎಷ್ಟು ಎಂದು ಸ್ಪಷ್ಟ ಇರಬೇಕು. ಇದನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸಾವಿರ ಬಯೋಡಾಟಾ ಟೈಪು ಮಾಡಿ ಬೇಸರ ಬಂದವನಿಗೆ ಹೊಳೆಯುವ ಮಾತು ಇದು.

ಒಬ್ಬ ಹುಡುಗಿ ನೆನಪಾಗುತ್ತಾಳೆ. ಎಂಟು ಪ್ರಾಜೆಕ್ಟು ಬರೆದುಕೊಂಡು ಬಂದಿದ್ದಳು. ಎಲ್ಲ ಕಾಲೇಜಿನ ಪಾಠದಲ್ಲಿ ಮಾಡಿಸಿದವು. ಮಾಸ್ತರು ಒಂದೊಂದನ್ನೇ ಕೇಳುತ್ತ ಹೋದಾಗ, ಮತ್ತೊಂದಿದೆ ಆದರೆ ಅದನ್ನು ಹಾಕುವುದು ಬೇಡ ಎಂದಳು. ಅವಳ ತಾಯಿ ಖಾನಾವಳಿ ನಡೆಸುತ್ತಿದ್ದರು. ಯಾವ ವಾರ ಯಾವ ದಿನ ಯಾರು ಊಟಕ್ಕೆ ಬರುವುದಿಲ್ಲ ಎಂದು ಗುರುತಿಟ್ಟುಕೊಂಡು, ನಾಳೆ ಎಷ್ಟು ರೊಟ್ಟಿ ಬಡಿಯಬೇಕು ಎಂದು ಹೇಳುವ ಸಣ್ಣ ಪ್ರೋಗ್ರಾಮು ಬರೆದುಕೊಟ್ಟಿದ್ದಳು. ಇಂಟರ್‌ವ್ಯೂದಲ್ಲಿ ರೊಟ್ಟಿಯ ಮಾತು ಆಡುವುದು ನಾಚಿಕೆ ಎಂದಳು.

ಮಾಸ್ತರು ಎಂಟನ್ನೂ ಅಳಿಸಿದರು. “ಇದನ್ಯಾಕ ಮುಚ್ಚಿಟ್ಟೀಯವಾ? ಇದನ್ನ ನಂಬಿ ಮಂದಿ ಊಟಾ ಮಾಡ್ಯಾರ,” ಎಂದರು. ರೊಟ್ಟಿಯ ಲೆಕ್ಕ ಹಾಳೆಯ ಮೇಲುಗಡೆಗೆ ಬಂತು. ಮೊದಲು ಉಳಿದ ರೊಟ್ಟಿ ಎಷ್ಟು, ಈಗ ಎಷ್ಟು ಎಂದು ತಾಯಿಯನ್ನು ಕೇಳಿಕೊಂಡು ಬರಲು ಅವಳನ್ನು ಮನೆಗೆ ಓಡಿಸಿದರು.

ಅವಳಿಗೆ ಕೆಲಸ ಸಿಕ್ಕಿತು ಎಂದು ಬರೆಯಲು ಹೊರಟಿದ್ದೆ. ಆದರೆ ಅದು ನನಗೆ ಗೊತ್ತಿರುವ ಸಂಗತಿಯಲ್ಲ. ಸಿಕ್ಕಿದ್ದರೆ ಕಥೆಗೆ ಒಳ್ಳೆಯದು ಎಂದು ನನ್ನ ನೆನಪು ತಾನೇ ಸೇರಿಸಿಕೊಂಡದ್ದು. ನನ್ನ ನೆನಪಿಗೆ ಈ ರೋಗವಿದೆ. ಓದುವವರು ಮುಂದಿನದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಮಾಸ್ತರು ಮೊದಲಿನಿಂದಲೂ ಹೀಗೆ ಕೇಳುತ್ತಿದ್ದವರಲ್ಲ. ನಾನು ಅವರ ಅಂಗಡಿಗೆ ಹೋಗುವುದಕ್ಕೆ ಒಂದು ವರ್ಷ ಮುಂಚೆ, ನಾಲ್ವರು ಗೆಳೆಯರು ಕೂಡಿ ಒಂದು ಪ್ರಾಜೆಕ್ಟು ಮಾಡಿದ್ದರು. ನಾಲ್ವರೂ ಇವರ ಹತ್ತಿರವೇ ಬಯೋಡಾಟಾ ಮಾಡಿಸಿದರು. ಮಾಸ್ತರು ಒಬ್ಬನ ಸಾಲನ್ನು ಇನ್ನೊಬ್ಬನ ಹಾಳೆಗೆ ಹಾಗೆಯೇ ಇಳಿಸಿದ್ದರು. ಇಂಟರ್‌ವ್ಯೂಕ್ಕೆ ಬಂದ ಕಂಪನಿಯವರು ನಾಲ್ಕೂ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ನಾಲ್ವರನ್ನೂ ಒಟ್ಟಿಗೆ ಕರೆದು, ಇದನ್ನು ಒಬ್ಬನೇ ಮಾಡಿದೆ ಎಂದು ನಾಲ್ವರೂ ಬರೆದಿದ್ದೀರಿ, ನಿಜವಾಗಿ ಮಾಡಿದವನು ನಿಮ್ಮಲ್ಲಿ ಯಾರು ಎಂದು ಕೇಳಿದರಂತೆ. ನಿಜವಾಗಿ ಕೆಲಸ ಮಾಡಿದವನು ಅವರಲ್ಲಿ ಒಬ್ಬನೇ. ಅವನೂ ಸುಳ್ಳರ ಸಾಲಿನಲ್ಲಿ ಹೊರಗೆ ಬಂದ. ಅದೇ ಮಧ್ಯಾಹ್ನ ಅಂಗಡಿಗೆ ಬಂದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅತ್ತನಂತೆ.

ಅಂದಿನಿಂದ ಮಾಸ್ತರದು ಒಂದು ಕಟ್ಟುಪಾಡು. ಒಂದು ಕೆಲಸ ಒಬ್ಬರ ಹಾಳೆಯಲ್ಲಿ ಮಾತ್ರ. ಕೂಡಿ ಮಾಡಿದ್ದರೆ ಅವರವರ ಪಾಲು ಬೇರೆ ಬೇರೆ ಮಾಡಿಕೊಂಡು ಬರಬೇಕು. ಒಮ್ಮೆ ಒಬ್ಬರ ಹೆಸರಿಗೆ ಟೈಪು ಮಾಡಿದ ಸಾಲನ್ನು ಇನ್ನೊಬ್ಬರ ಹೆಸರಿಗೆ ಅವರು ಎಂದೂ ಹಾಕುತ್ತಿರಲಿಲ್ಲ. “ನನ್ನ ಕೈಲಿಂದ ಒಂದ ಮಾತು ಎರಡ ಸಲ ಹೊರಗ ಬರಂಗಿಲ್ಲ,” ಎನ್ನುತ್ತಿದ್ದರು. ಜನ ಇದನ್ನು ಹುಚ್ಚು ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಇನ್ನು ನನ್ನ ಸಾಲಿನ ವಿಷಯ.

ತಾರಿಹಾಳದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬ ಯಜಮಾನರು ಕೊಟೇಶನ್ ಟೈಪು ಮಾಡಿಸಲು ಮಾಸ್ತರ ಹತ್ತಿರ ಬರುತ್ತಿದ್ದರು. ಅವರದು ಕಬ್ಬಿಣದ ರಾಡು ಕತ್ತರಿಸುವ ಕೆಲಸ. ಆರು ಮೀಟರಿನ ರಾಡು ಬರುತ್ತದೆ, ಗಿರಾಕಿ ಬೇರೆ ಬೇರೆ ಉದ್ದದ ತುಂಡು ಕೇಳುತ್ತಾನೆ. ಯಾವ ರಾಡಿನಲ್ಲಿ ಯಾವ ಯಾವ ತುಂಡು ತೆಗೆದರೆ ಕಡಿಮೆ ಹಾಳಾಗುತ್ತದೆ ಎಂದು ಕಟಿಂಗ್ ಮಾಡುವ ಕೆಲಸಗಾರ ಮನಸ್ಸಿನಲ್ಲೇ ಅಂದಾಜು ಮಾಡುತ್ತಿದ್ದ. ಮೂಲೆಯಲ್ಲಿ ಮೊಂಡು ತುಂಡುಗಳ ಗುಡ್ಡೆ ಬೆಳೆಯುತ್ತಿತ್ತು. ಇದಕ್ಕೊಂದು ಪ್ರೋಗ್ರಾಮು ಬರೆಯಬಹುದೇ ಎಂದು ಮಾಸ್ತರು ನನ್ನನ್ನು ಕೇಳಿದರು. ಬರೆಯಬಹುದು ಎಂದೆ. ಪುಸ್ತಕದಲ್ಲಿ ಇಂಥ ಲೆಕ್ಕವಿದೆ ಎಂದೂ ಹೇಳಿರಬೇಕು, ಆಗ ನಾನು ಎಲ್ಲದಕ್ಕೂ ಹಾಗೆ ಹೇಳುತ್ತಿದ್ದೆ.

ಒಂದು ತಿಂಗಳು ಇಬ್ಬರೂ ಕೂತೆವು. ಲೆಕ್ಕದ ಮುಖ್ಯ ಭಾಗ ನಾನು ಬರೆದೆ, ಇದು ಖರೆ. ಖರೆ ಎಂದು ನಂಬಿದ್ದೇನೆ. ಪ್ರಿಂಟು ತೆಗೆದುಕೊಂಡು ಮಾಸ್ತರ ಮೊಪೆಡ್ ಮೇಲೆ ತಾರಿಹಾಳಕ್ಕೆ ಹೋದೆವು. ನಮ್ಮ ಹಾಳೆಯ ಪ್ರಕಾರ ಕತ್ತರಿಸಿದರೆ ಪ್ರತಿ ರಾಡಿನ ಕೊನೆಯ ತುಂಡು ಗಿಡ್ಡ ಬರುತ್ತಿತ್ತು. ಕೆಲಸಗಾರ ನಮ್ಮ ಹಾಳೆಯನ್ನು ಮಡಚಿ ಯಂತ್ರದ ಮೇಲಿಟ್ಟು ತನ್ನ ಅಂದಾಜಿಗೇ ಮರಳಿದ. ಎರಡು ಮೂರು ಸಲ ಹೋಗಿ ನಿಂತು ನೋಡಿದ ಮೇಲೆ ತಪ್ಪು ಸಿಕ್ಕಿತು. ಒಂದೊಂದು ಸಲ ಕತ್ತರಿಸಿದಾಗಲೂ ಬ್ಲೇಡು ತನ್ನ ದಪ್ಪದಷ್ಟು ಕಬ್ಬಿಣವನ್ನು ಪುಡಿ ಮಾಡಿಬಿಡುತ್ತದೆ. ನಾವು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಸೇರಿಸಿದ ಮೇಲೆ ಪ್ರೋಗ್ರಾಮು ನಡೆಯಿತು. ಮೂಲೆಯ ಗುಡ್ಡೆ ಸಣ್ಣದಾಯಿತು.

ಬ್ಲೇಡು ಕಬ್ಬಿಣ ತಿನ್ನುವುದನ್ನು ಕಂಡುಹಿಡಿದವರು ಯಾರು?

ನಾನು ಎಂದು ಬಹಳ ವರ್ಷ ಹೇಳಿದ್ದೇನೆ. ಕೆಲಸಗಾರ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ, ಬ್ಲೇಡು ಇಳಿದು, ಗೆರೆ ಇದ್ದ ಜಾಗವೇ ಇಲ್ಲವಾದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಇತ್ತೀಚೆಗೆ ಆ ನೆನಪನ್ನು ನಿಧಾನವಾಗಿ ನೋಡಿದಾಗ ಒಂದು ವಿಷಯ ಕಾಣುತ್ತದೆ. ಅದರಲ್ಲಿ ನನಗೂ ಆ ರಾಡಿಗೂ ನಡುವೆ ಒಂದು ಭುಜವಿದೆ. ತಿಳಿ ನೀಲಿ ಅಂಗಿ. ನಾನು ಯಾರದೋ ಹಿಂದೆ ನಿಂತು ನೋಡುತ್ತಿದ್ದೇನೆ. ಮುಂದೆ ಬಾಗಿ ನೋಡುತ್ತಿರುವವರು ಮಾಸ್ತರು.

ಇದೂ ನನ್ನ ಮನಸ್ಸು ಪಶ್ಚಾತ್ತಾಪಕ್ಕೆಂದು ಆಮೇಲೆ ಹೊಲಿದ ಅಂಗಿ ಇರಬಹುದು.

ಬಯೋಡಾಟಾ ಮಾಡಿಸಲು ಕೂತ ದಿನ ಕರೆಂಟು ಹೋಗಿ ಬಂದಿತ್ತು. ಪ್ರಾಜೆಕ್ಟಿನ ಜಾಗಕ್ಕೆ ಬಂದಾಗ ಮಾಸ್ತರು ಕೇಳಿದರು, “ಇದನ್ನ ಹೆಂಗ ಹಾಕೂಣ?”

“ನಿಮ್ದೂ ಐತೆಲ್ಲರಿ ಇದರಾಗ,” ಎಂದು ನಾನು ಅಂದೆ. ಅಂದಿರಬೇಕು. ಅಂದಿರದಿದ್ದರೆ ಅವರ ಮುಂದಿನ ಮಾತಿಗೆ ಅರ್ಥವಿಲ್ಲ.

“ನಾ ಇನ್ನ ಯಾವ ಇಂಟರ್‌ವ್ಯೂಕ ಹೋಗಾವ ತಮ್ಮಾ,” ಎಂದು ನಕ್ಕು ಟೈಪು ಮಾಡಿದರು. ರಾಡು ಕತ್ತರಿಸುವ ಯೋಜನೆಯ ಪ್ರೋಗ್ರಾಮು, ತಾರಿಹಾಳದ ವರ್ಕ್‌ಶಾಪಿನಲ್ಲಿ ದಿನಾ ಬಳಕೆಯಲ್ಲಿದೆ, ಬ್ಲೇಡಿನ ನಷ್ಟ ಗುರುತಿಸಿ ಸರಿಪಡಿಸಿದ್ದು, ಪೂರ್ತಿ ನಾನೊಬ್ಬನೇ ಮಾಡಿದ್ದು. ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಆ ಹಾಳೆ ಇನ್ನೂ ನನ್ನ ಹತ್ತಿರವಿದೆ. ಅಷ್ಟು ಚೆಂದದ ಸಾಲನ್ನು ಇಪ್ಪತ್ತು ಮೂವತ್ತು ಪದಗಳಲ್ಲಿ ನಾನು ಇಂದಿಗೂ ಬರೆಯಲಾರೆ.

ರಾಯಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಇಂಟರ್‌ವ್ಯೂ ಆಯಿತು. ಸುತ್ತಲಿನ ಕಾರ್ಖಾನೆಗಳಿಗೆ ಪ್ರೋಗ್ರಾಮು ಮಾಡಿಕೊಡುವವರು. ನನ್ನ ಅಂಕಗಳನ್ನು ಅವರು ನೋಡಲೇ ಇಲ್ಲ. ಅರ್ಧ ಗಂಟೆ ಬ್ಲೇಡಿನ ಬಗ್ಗೆಯೇ ಮಾತು. ನಾನು ನಿರರ್ಗಳವಾಗಿ ಹೇಳಿದೆ. ಕೆಲಸ ಸಿಕ್ಕಿತು. ಅಂಗಡಿಗೆ ಬಂದು ಮಾಸ್ತರಿಗೆ ಎಲ್ಲ ಒಪ್ಪಿಸಿದೆ. ಬ್ಲೇಡಿನ ಕಥೆಯನ್ನು ಅವರಿಗೂ ಮೊದಲಿನಿಂದ ಹೇಳಿದೆ, ಅವರು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಗಿರ್ಮಿಟ್ ತಿನ್ನುತ್ತ ಪೂರ್ತಿ ಕೇಳಿಸಿಕೊಂಡು, “ಛಲೋ ಹೇಳೀ,” ಎಂದರು.

ಐದಾರು ವರ್ಷ ಕಳೆಯಿತು. ಮನೆಮನೆಗೆ ಕಂಪ್ಯೂಟರು ಬಂತು, ವಿದ್ಯಾರ್ಥಿಗಳು ತಮ್ಮ ಹಾಳೆ ತಾವೇ ಮಾಡಿಕೊಳ್ಳತೊಡಗಿದರು. ಮಾಸ್ತರ ಅಂಗಡಿ ಖಾಲಿ ಹೊಡೆಯುತ್ತಿದೆ ಎಂದು ಕೇಳಿದ್ದೆ. ನಮ್ಮ ಆಫೀಸಿಗೆ ಆಗ ಒಬ್ಬ ಅನುಭವಸ್ಥ ಬೇಕಾಗಿದ್ದ. ಡಿಗ್ರಿ ಇಲ್ಲದಿದ್ದರೂ ನಡೆಯುತ್ತದೆ, ಕಾರ್ಖಾನೆಯ ನೆಲದ ಮೇಲೆ ನಿಂತು ಕೆಲಸ ಅರ್ಥಮಾಡಿಕೊಂಡು ಪ್ರೋಗ್ರಾಮು ಬರೆದವನು ಬೇಕು ಎಂದು ನಮ್ಮ ಮ್ಯಾನೇಜರು ಹೇಳಿದ್ದರು. ಬಂದ ಬಯೋಡಾಟಾಗಳ ಕಟ್ಟಿನಲ್ಲಿ ಮಾಸ್ತರದೂ ಇತ್ತು.

ಇಂಟರ್‌ವ್ಯೂದ ಮೇಜಿಗೆ ಮ್ಯಾನೇಜರು ಮತ್ತು ನಾನು. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಿಗೆ ಕೂತರು. ನನಗೆ “ನಮಸ್ಕಾರ್ರಿ ಸರ್” ಎಂದರು. ಅವರ ಬಾಯಿಂದ ಆ ಸರ್ ನಾನು ಕೇಳಿದ್ದು ಅದೇ ಮೊದಲು. ಅವರ ಹಾಳೆ ನನ್ನ ಮುಂದಿತ್ತು. ಒಂದೇ ಪುಟ, ಅಂಚುಗಳು ನೂಲು ಹಿಡಿದಂತೆ. ಪ್ರಾಜೆಕ್ಟಿನ ಜಾಗದಲ್ಲಿ ಎರಡು ಕೆಲಸ. ಟೈಪಿಂಗ್ ವೇಗ ಅಳೆಯುವ ಪ್ರೋಗ್ರಾಮು, ಲಗ್ನಪತ್ರಿಕೆ ಜೋಡಿಸುವ ಪ್ರೋಗ್ರಾಮು. ಯಾರು ಬಳಸಿದರು, ಏನು ಉಪಯೋಗವಾಯಿತು, ಎಲ್ಲ ಇತ್ತು.

ರಾಡಿನ ಪ್ರೋಗ್ರಾಮು ಇರಲಿಲ್ಲ.

ಮೊದಲು ನನಗೆ ಸಮಾಧಾನವಾಯಿತು. ಇದನ್ನು ಬರೆಯುವುದು ಕಷ್ಟ, ಆದರೆ ಈ ಲೇಖನದಲ್ಲಿ ನಾನು ಪೂರ್ತಿ ನಂಬಬಲ್ಲ ನೆನಪು ಇದೊಂದೇ. ಇದ್ದಿದ್ದರೆ ಮ್ಯಾನೇಜರು ನನ್ನ ಕಡೆ ನೋಡುತ್ತಿದ್ದರು. ಅದು ಇಲ್ಲದ್ದು ಏಕೆ ಎಂದು ಆಮೇಲೆ ಹೊಳೆಯಿತು. ನನ್ನ ಹೆಸರಿಗೆ ಅವರು ಆಗಲೇ ಟೈಪು ಮಾಡಿಬಿಟ್ಟಿದ್ದರು. ಅವರ ಕಟ್ಟುಪಾಡಿಗೆ ಅವರೂ ಹೊರತಾಗಿರಲಿಲ್ಲ.

ಮ್ಯಾನೇಜರು ಹಾಳೆಯನ್ನು ಎರಡು ಸಲ ನೋಡಿ ಕೇಳಿದರು, “ಕಾರ್ಖಾನಿ ಒಳಗ ನಿಂತ ಏನರ ಮಾಡೀರೇನ್ರಿ? ನಮಗ ಅದ ಬೇಕಾಗೇತಿ.”

ಮಾಸ್ತರು ಹೇಳಿದರು, “ಒಂದ ಸಲ ತಾರಿಹಾಳಕ ಹೋಗಿದ್ದೆರಿ, ಒಬ್ಬರ ಜೋಡಿ. ಅದು ಅವರ ಕೆಲಸ.”

ಆ ‘ಒಬ್ಬರು’ ಮೇಜಿನ ಈಚೆ ಕೂತಿದ್ದ. ಮಾಸ್ತರು ನನ್ನ ಕಡೆ ನೋಡಿದರೋ ಇಲ್ಲವೋ ಹೇಳಲಾರೆ. ನಾನು ಹಾಳೆಯ ಮೇಲೆ ಕಣ್ಣಿಟ್ಟಿದ್ದೆ. ಬಾಯಿ ತೆರೆಯಲು ನನಗೆ ಒಂದು ನಿಮಿಷವಾದರೂ ಇತ್ತು. ಅವರು ಸುಳ್ಳು ಹೇಳುತ್ತಿದ್ದಾರೆ, ಬ್ಲೇಡು ಕಂಡದ್ದು ಅವರಿಗೆ ಎಂದರೆ ಸಾಕಿತ್ತು. ಕಡೇ ಪಕ್ಷ ಇಬ್ಬರೂ ಕೂಡಿ ಮಾಡಿದ್ದು ಎನ್ನಬಹುದಿತ್ತು. ಎಂದರೆ ನನ್ನ ಸಾಲು ಸುಳ್ಳಾಗುತ್ತಿತ್ತು. ಮ್ಯಾನೇಜರು ಮುಂದಿನ ಪ್ರಶ್ನೆ ಕೇಳಿದರು. ವಯಸ್ಸಿನ ಬಗ್ಗೆ.

ಅವರನ್ನು ಬಿಡಲು ಹೊರಗಿನ ಪಡಸಾಲೆಯ ತನಕ ಹೋದೆ. ಅಲ್ಲಿ ನಿಂತು, ಮೆಲ್ಲಗೆ, ಮತ್ತೆ ಹಳೆಯ ದನಿಯಲ್ಲಿ ಕೇಳಿದರು, “ಹಾಳಿ ಒಳಗ ಏನರ ತಪ್ಪಿತ್ತೇನ್ ತಮ್ಮಾ?”

“ಇಲ್ಲರಿ ಮಾಸ್ತರ. ಎಲ್ಲಾ ಬರೋಬ್ಬರಿ ಇತ್ತು.”

ಅವರು ತಲೆಯಾಡಿಸಿದರು. ತಪ್ಪಿಲ್ಲ ಎಂದು ಕೇಳಿ ಅವರಿಗೆ ಸಮಾಧಾನ ಆದಂತಿತ್ತು.

ಕೆಲಸ ಅವರಿಗೆ ಸಿಗಲಿಲ್ಲ. ನಾನು ಮಾತಾಡಿದ್ದರೂ ಸಿಗುತ್ತಿರಲಿಲ್ಲ ಎಂದು ವಾದಿಸಬಲ್ಲೆ, ವಾದಿಸಿದ್ದೇನೆ. ವಯಸ್ಸಾಗಿತ್ತು, ಇಂಗ್ಲಿಷು ತೊಡರುತ್ತಿತ್ತು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಇಂಥ ವಾದಗಳನ್ನೇ. ಅಂಗಡಿ ಮುಚ್ಚಿದ ಮೇಲೆ ಅವರು ಕೋರ್ಟಿನ ಕಡೆ ಒಬ್ಬ ವಕೀಲರ ಹತ್ತಿರ ಅರ್ಜಿ ಟೈಪು ಮಾಡುತ್ತಿದ್ದರು. ಎರಡು ಸಲ ದೂರದಿಂದ ಕಂಡೆ. ಒಂದು ಸಲ ರಸ್ತೆ ದಾಟಿ ಹೋಗಿ ಮಾತಾಡಿಸಿದೆ ಎಂದು ನೆನಪು. ಏನು ಮಾತಾಡಿದೆ ಎಂದು ಒಂದು ಪದವೂ ನೆನಪಿಲ್ಲವಾದ್ದರಿಂದ, ಬಹುಶಃ ದಾಟಿರಲಿಲ್ಲ.

ಸುದ್ದಿ ತಿಳಿದ ವಾರ ಉಣಕಲ್ಲಿನಲ್ಲಿದ್ದ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅವರ ಹೆಂಡತಿಯನ್ನು ನಾನು ಮೊದಲು ನೋಡಿರಲಿಲ್ಲ. ನನ್ನ ಹೆಸರು ಹೇಳಿದ ಕೂಡಲೇ ಆಕೆಗೆ ಗುರುತು ಹತ್ತಿತು. ಕುರ್ಚಿ ಹಾಕಿದರು. ಕಾಲೇಜಿಗೆ ಹೋಗುವ ಮಗಳು ನೀರು ತಂದಿಟ್ಟಳು.

“ನಿಮ್ಮ ಸುದ್ದಿ ಭಾಳ ತಗೀತಿದ್ರು,” ಎಂದರು ಆಕೆ. “ರಾಡಿನ ಪ್ರೋಗ್ರಾಮ್ ಮಾಡಿದಾಂವ, ನಮ್ಮ ಅಂಗಡ್ಯಾಗ ಕುಂತ ಮಾಡಿದಾ ಅಂತ. ಬಂದವರಿಗೆಲ್ಲಾ ಅದನ್ನ ಹೇಳಾವರು.”

ನಾನು ನೀರಿನ ಲೋಟ ಕೆಳಗಿಟ್ಟೆ. “ಅಕ್ಕಾರ, ಅದು ನಾ ಒಬ್ಬಾವ ಮಾಡಿದ್ದಲ್ಲರಿ. ಮುಖ್ಯ ಸಂಗತಿ ಮಾಸ್ತರ ಕಂಡಹಿಡಿದದ್ದು. ನಾ ನನ್ನ ಹೆಸರಿಗೆ ಹಾಕ್ಕೊಂಡೆ. ಇಂಟರ್‌ವ್ಯೂದಾಗೂ ಸುಮ್ಮನ ಕುಂತೆ.”

ಇಷ್ಟು ವರ್ಷ ಒಳಗೇ ಉಳಿದಿದ್ದ ಮಾತು ಇಷ್ಟು ಸಣ್ಣದಿತ್ತು. ಆಕೆ ನನ್ನನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿ ಎಂದು ಕಾದೆ. ಅವರ ಮುಖದಲ್ಲಿ ನಿಧಾನವಾಗಿ ಒಂದು ನಗೆ ಬಂತು.

“ಹಿಂಗ ಅಂತೀರಂತನೂ ಹೇಳಿದ್ರು ನೋಡ್ರಿ ಅವರು. ದೊಡ್ಡ ಮನಸಿನ ಹುಡುಗ, ಕೇಳಿದ್ರ ನಂದೂ ಪಾಲು ಐತಿ ಅಂತಾನ, ನೀವ ನಂಬಬ್ಯಾಡ್ರಿ ಅಂತಿದ್ರು.”

ಇಲ್ಲರಿ, ಖರೇನೇ ಹೇಳುತ್ತಿದ್ದೇನೆ ಎಂದೆ. ಎರಡು ಸಲ ಎಂದೆ. ಹೇಳಿದಷ್ಟೂ ನಾನು ಅವರ ಕಣ್ಣಲ್ಲಿ ಇನ್ನಷ್ಟು ಒಳ್ಳೆಯವನಾಗುತ್ತ ಹೋದೆ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗಳನ್ನು ಹತ್ತಿರ ಕರೆದರು.

“ನಮಸ್ಕಾರ ಮಾಡವಾ ಸರ್‌ಗೆ. ನಿಮ್ಮಪ್ಪ ಹೇಳ್ತಿದ್ರಲ್ಲ, ಅವರ ಇವರು.”

ಹುಡುಗಿ ಬಾಗಿ ನನ್ನ ಕಾಲು ಮುಟ್ಟಿದಳು.